ಎರಡನೆಯ ಮೇಣದಬತ್ತಿ

ಇವತ್ತು ಮಾಡಿದ ಕೆಲಸಗಳು: ಆರೂವರೆಗೆ ಬೂತಿನಿಂದ ಹಾಲು ತಂದದ್ದು. ನಮ್ಮವರ ಬಿಪಿ ಮಾತ್ರೆಗಳನ್ನು ಒಂದು ವಾರಕ್ಕಾಗುವಷ್ಟು ಡಬ್ಬಿಯ ಮನೆಗಳಲ್ಲಿ ತುಂಬಿದ್ದು. ಎರಡು ಕಟ್ಟು ಮೆಂತ್ಯದ ಸೊಪ್ಪು ಬಿಡಿಸಿದ್ದು. ನಮ್ಮ ಬಾಲ್ಕನಿಗೆ ಬರುವ ಒಂದೂವರೆ ಗಂಟೆಯ ಬಿಸಿಲಿನಲ್ಲಿ ರಜಾಯಿಗಳನ್ನು ಹರವಿ, ಮಗುಚಿ, ಒಳಗೆ ತಂದದ್ದು. ನೀರಿನ ಫಿಲ್ಟರ್ ರಿಪೇರಿಯ ಭಯ್ಯಾನಿಗೆ ಮೂರನೆಯ ಸಲ ಫೋನು ಮಾಡಿದ್ದು. ಹತ್ತು ನಿಮಿಷದಲ್ಲಿ ಬಂದೆ ಎಂದವನು ಬರಲಿಲ್ಲ. ಸೊಸೈಟಿಯ ಮಾಲಿಯನ್ನು ಕೇಳಿ, ನವಿಲುಗರಿಯಂಥ ಎಲೆಯ ಮೋರ್‌ಪಂಖಿ ಗಿಡದ ಎಂಟು ಹತ್ತು ಟೊಂಗೆ ಕತ್ತರಿಸಿಕೊಂಡದ್ದು. ಬಿಳಿ ಎನಾಮಲ್ ಬೋಗುಣಿಯ ಮರಳನ್ನು ತೊಳೆದು ಒಣಗಿಸಿ ಮತ್ತೆ ತುಂಬಿದ್ದು. ನಾಲ್ಕು ಬಿಳಿ ಮೇಣದಬತ್ತಿ ತಂದದ್ದು.

ಕೊನೆಯ ಮೂರು ಕೆಲಸ ನಮ್ಮ ಮನೆತನದವಲ್ಲ. ಅವು ಎದುರು ಮನೆಯ ಸಿಸ್ಟರ್ ಅವರವು. ಹೋದ ಜುಲೈಯಲ್ಲಿ ಅವರು ತೀರಿಕೊಂಡ ಮೇಲೆ ಬೋಗುಣಿ ನಮ್ಮ ಮನೆಗೆ ಬಂತು, ಅದರ ಜೊತೆ ಕೆಲಸವೂ ಬಂತು.

ಸಿಸ್ಟರ್ ಎಂದರೆ ಚರ್ಚಿನ ಕನ್ಯಾಸ್ತ್ರೀಯಲ್ಲ. ದಿಲ್ಲಿಯ ದೊಡ್ಡ ಸರಕಾರಿ ಆಸ್ಪತ್ರೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವರು. ದ್ವಾರಕಾದ ನಮ್ಮ ಸೊಸೈಟಿಯಲ್ಲಿ ಗೇಟಿನ ಗಾರ್ಡಿನಿಂದ ಹಿಡಿದು ಸೆಕ್ರೆಟರಿಯವರೆಗೆ ಎಲ್ಲರಿಗೂ ಅವರು ಸಿಸ್ಟರ್‌ಜೀ. ಊರು ಗದಗ ಬೆಟಗೇರಿ. ಅಜ್ಜನ ಕಾಲದಿಂದ ಕನ್ನಡದಲ್ಲೇ ಪ್ರಾರ್ಥನೆ ಮಾಡುವ ಪ್ರಾಟೆಸ್ಟಂಟ್ ಮನೆತನ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, ನೈಟ್ ಡ್ಯೂಟಿ ಇತ್ತು ಎಂದಷ್ಟೇ ಹೇಳುತ್ತಿದ್ದರು.

ನಾವು ಆ ಫ್ಲ್ಯಾಟಿಗೆ ಬಂದ ಎರಡನೆಯ ದಿನವೇ ಅವರ ಪರಿಚಯವಾಯಿತು. ಸಾಮಾನು ಬಿಚ್ಚುವ ಗಡಿಬಿಡಿಯಲ್ಲಿ ನಾನು ಮಗಳನ್ನು ಬಾಯಿಗೆ ಬಂದಂತೆ ಗದರುತ್ತಿದ್ದೆ. ಬೆಲ್ ಆಯಿತು. ಬಾಗಿಲು ತೆರೆದರೆ, ಇಸ್ತ್ರಿ ಮಾಡಿದ ಕಾಟನ್ ಸೀರೆಯ ಮೇಲೆ ಗಂಡಸರ ಸ್ವೆಟರ್ ಹಾಕಿದ ಒಬ್ಬ ತೆಳ್ಳನೆಯ ಹೆಂಗಸು.

"ನಿಲ್ಲಿಸಬ್ಯಾಡ ತಂಗಿ, ಬೈಯಿ. ಕನ್ನಡದಾಗ ಬೈಯೋದು ಕೇಳಿ ಭಾಳ ವರ್ಷ ಆಗಿತ್ತು" ಎಂದರು.

ಮಾತಾಡುವಾಗ ಎದುರಿನವರ ಮಣಿಕಟ್ಟನ್ನು ಹಿಡಿದುಕೊಳ್ಳುವುದು ಅವರ ರೂಢಿ. ಪ್ರೀತಿಯೆಂದು ನಾವು ಅಂದುಕೊಂಡಿರುತ್ತಿದ್ದೆವು, ಅವರು ನಾಡಿ ಎಣಿಸುತ್ತಿರುತ್ತಿದ್ದರು. ನಮ್ಮವರ ಬಿಪಿಯನ್ನು ಮೊದಲು ಕಂಡುಹಿಡಿದದ್ದು ಹಾಗೆಯೇ, ನೀರಿನ ಟ್ಯಾಂಕರಿನ ವಿಷಯ ಮಾತಾಡುತ್ತ ಲಿಫ್ಟಿನ ಮುಂದೆ ನಿಂತಿದ್ದಾಗ. ತಕ್ಷಣ ಹೇಳಲಿಲ್ಲ. ಮೂರು ದಿನ ಬಿಟ್ಟು, ನಮ್ಮವರು ಆಫೀಸಿಗೆ ರಜೆ ಹಾಕಿದ ಹೊತ್ತು ನೋಡಿ ಹೇಳಿದರು. ಯಾರಿಗೆ ಯಾವ ಸುದ್ದಿಯನ್ನು ಯಾವಾಗ ಹೇಳಬೇಕು ಎಂಬ ಲೆಕ್ಕ ಅವರಲ್ಲಿ ಸದಾ ಇರುತ್ತಿತ್ತು. ವಾರ್ಡಿನ ಹೊರಗೆ ಕಾಯುವ ಸಾವಿರಾರು ಮಂದಿಯ ಮುಖ ನೋಡಿ ಕಲಿತ ಲೆಕ್ಕ ಅದು. ಒಂದೇ ಒಂದು ಸಲ ತಪ್ಪಿತು. ಅದನ್ನು ಮುಂದೆ ಹೇಳುತ್ತೇನೆ.

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಿಗೆ ಅವರ ಮನೆಯಲ್ಲಿ 'ಬರೋಣದ ಕಾಲ' ಎನ್ನುತ್ತಿದ್ದರು. ದೇವರು ಬರುವುದನ್ನು ಕಾಯುವ ಕಾಲ. ಆಸ್ಪತ್ರೆಯಲ್ಲಿ ಬೇಡವೆಂದು ಎಸೆದಿದ್ದ ಬಿಳಿ ಬೋಗುಣಿ, ಅಂಚಿನಲ್ಲಿ ನೀಲಿ ಗೆರೆ, ಒಂದು ಕಡೆ ಬಣ್ಣ ಹಾರಿ ಕರೀ ಚುಕ್ಕೆ. ಅದಕ್ಕೆ ಮರಳು ತುಂಬಿ, ಸುತ್ತ ಮೋರ್‌ಪಂಖಿಯ ಹಸಿರು ಚುಚ್ಚಿ, ನಾಲ್ಕು ಮೇಣದಬತ್ತಿ ನೆಡುತ್ತಿದ್ದರು. ಮೊದಲ ಭಾನುವಾರ ಸಂಜೆ ಏಳಕ್ಕೆ ಒಂದು ಹಚ್ಚುವುದು. ಅರ್ಧ ಗಂಟೆ ಉರಿಯಬೇಕು. ಎರಡನೆಯ ವಾರ ಎರಡು, ಮೂರನೆಯ ವಾರ ಮೂರು. ನಾಲ್ಕನೆಯ ವಾರ ನಾಲ್ಕೂ ಉರಿಯುವ ಹೊತ್ತಿಗೆ ಮೊದಲನೆಯದು ಮೊಂಡಾಗಿ, ಕೊನೆಯದು ಎತ್ತರವಾಗಿ, ಮೆಟ್ಟಿಲಿನ ಹಾಗೆ ಕಾಣುತ್ತಿತ್ತು. ಹಚ್ಚುವ ಮುಂಚೆ ಒಂದು ಕನ್ನಡ ಕೀರ್ತನೆಯನ್ನು ಮೂಗಿನಲ್ಲೇ ಹಾಡಿಕೊಳ್ಳುತ್ತಿದ್ದರು. ನಮ್ಮನ್ನು ಕೂರಿಸಿಕೊಂಡು ಧರ್ಮದ ಮಾತು ಆಡಿದ್ದಿಲ್ಲ. ಕೂತರೆ ಬೇಡವೆಂದೂ ಅಂದಿದ್ದಿಲ್ಲ.

ಆ ನಾಲ್ಕು ವಾರ ಅವರಿಗೆ ಎಲ್ಲದರಲ್ಲೂ ಕಾಯುವುದೇ. ನವೆಂಬರಿನಲ್ಲೇ ಶಾಪಿಂಗ್ ಮಾಲಿನಲ್ಲಿ ಕ್ರಿಸ್ಮಸ್ ಹಾಡು ಹಾಕಿದರೆ, ಇನ್ನೂ ಬಂದೇ ಇಲ್ಲಲ್ಲ, ಈಗ್ಯಾಕ ಹಾಡಾಕ ಹತ್ಯಾರ ಎಂದು ಮುಖ ತಿರುಗಿಸುತ್ತಿದ್ದರು. ಕರ್ಚಿಕಾಯಿಯನ್ನು ಎರಡನೆಯ ವಾರವೇ ಕರಿದು, ಡಬ್ಬಿಗೆ ತುಂಬಿ, ಮುಚ್ಚಳದ ಸುತ್ತ ಆಸ್ಪತ್ರೆಯ ಬಿಳಿ ಟೇಪು ಸುತ್ತುತ್ತಿದ್ದರು. ನಾಲ್ಕನೆಯ ಮೇಣದಬತ್ತಿ ಹತ್ತುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಎಳ್ಳು-ಕೊಬ್ಬರಿಯ ಘಮ ನಮ್ಮ ಮನೆಯವರೆಗೆ ಬರುತ್ತಿತ್ತು. ನಮ್ಮವರು ಬಾಗಿಲಲ್ಲಿ ನಿಂತು, "ಸಿಸ್ಟರ್, ನಾವು ಬೇರೆ ಜಾತಿಯವರು, ನಮಗೆ ರಿಯಾಯಿತಿ ಇಲ್ವಾ?" ಎಂದು ಕೇಳುತ್ತಿದ್ದರು.

"ವಾಸನಿ ಪುಕ್ಕಟ ಐತಿ ಸಾಹೇಬ್ರ, ಎಷ್ಟು ಬೇಕೋ ತಗೋರಿ."

ಈ ಮನೆಗೆ ಬೆಟಗೇರಿಯಿಂದ ಅವರ ತಂಗಿಯ ಮಗಳು ಕರುಣಾ ಬಂದಳು, ಸಿಎ ಓದಲು. ದ್ವಾರಕಾದಿಂದ ಲಕ್ಷ್ಮೀ ನಗರದ ಕೋಚಿಂಗಿಗೆ ಮೆಟ್ರೋ ಇಳಿದು ಹತ್ತುವ ತಾಪತ್ರಯವಿಲ್ಲ, ನೀಲಿ ಲೈನಿನಲ್ಲಿ ನೇರ. ಸಿಸ್ಟರ್ ಅದನ್ನು ತಾವೇ ಹಾಕಿಸಿಕೊಟ್ಟ ಲೈನೆಂಬಂತೆ ಹೇಳಿಕೊಳ್ಳುತ್ತಿದ್ದರು. ಹುಡುಗಿಗೆ ಅಪ್ಪ ಇಲ್ಲ. ತಾಯಿ ಊರಿನಲ್ಲಿ ಬಾಲವಾಡಿ ನಡೆಸುತ್ತಿದ್ದರು. ಕರುಣಾ ಮಾತು ಕಡಿಮೆ, ಓದು ಜಾಸ್ತಿ. ದೊಡ್ಡವ್ವ ಒಂದು ಚಪಾತಿ ಹೆಚ್ಚು ಹಾಕಿದರೆ ಒಂದು ನೋಟದಲ್ಲೇ ವಾಪಸು ಹಾಕಿಸುತ್ತಿದ್ದಳು.

ಕೊನೆಯ ಪರೀಕ್ಷೆಗಳು ನವೆಂಬರಿನಲ್ಲಿ. ಇನ್ನು ಎರಡು ಪೇಪರ್ ಉಳಿದಿದ್ದಾಗ, ಬೆಟಗೇರಿಯಲ್ಲಿ ಅವಳ ತಾಯಿ ಒಂದು ಮಧ್ಯಾಹ್ನ ಬಾಲವಾಡಿಯಲ್ಲೇ ಕುಸಿದು ಬಿದ್ದು ಹೋಗಿಬಿಟ್ಟರು. ಫೋನು ಬಂದದ್ದು ಸಿಸ್ಟರಿಗೆ. ಅವರು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ನಾನು ಕಸದ ಚೀಲ ಇಡಲು ಬಾಗಿಲು ತೆರೆದವಳು ಅವರನ್ನು ನೋಡಿದೆ. ನನ್ನ ಮಣಿಕಟ್ಟು ಹಿಡಿದುಕೊಂಡು ಎರಡು ವಾಕ್ಯದಲ್ಲಿ ಹೇಳಿದರು. ಒಂದು, ತಂಗಿ ಹೋದಳು. ಎರಡು, ನಾಲ್ಕು ದಿನ ಕರುಣಾಗೆ ಹೇಳುವುದಿಲ್ಲ.

ಹೇಳದೇ ಇರಬೇಕಾದರೆ ತಾವೂ ಊರಿಗೆ ಹೋಗುವಂತಿಲ್ಲ. ಹೋಗಲಿಲ್ಲ. ತಂಗಿಯನ್ನು ಮಣ್ಣು ಮಾಡುವ ಹೊತ್ತಿಗೆ ಸಿಸ್ಟರ್ ಇಲ್ಲಿ ಹುಡುಗಿಗೆ ಬದನೆಕಾಯಿ ಪಲ್ಯ ಮಾಡುತ್ತಿದ್ದರು. ಊರವರಿಗೆಲ್ಲ ಫೋನು ಮಾಡಿ, ಯಾರೂ ಅವಳಿಗೆ ಸುದ್ದಿ ಮುಟ್ಟಿಸಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು. ನೆಟ್‌ವರ್ಕ್ ಸರಿಯಿಲ್ಲ, ಅವ್ವ ಆಮೇಲೆ ಮಾತಾಡುತ್ತಾಳೆ ಎಂದು ಹುಡುಗಿಗೆ ಹೇಳಿದರು. ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ.

ನಾನೇನು ಮಾಡಿದೆ ಎಂಬುದನ್ನೂ ಬರೆಯಬೇಕು. ಇಲ್ಲಿ ಪರೀಕ್ಷೆಗೆ ಹೊರಟವರಿಗೆ ಮೊಸರು-ಸಕ್ಕರೆ ತಿನ್ನಿಸಿ ಕಳಿಸುವ ರೂಢಿ. ಮೊದಲ ಪೇಪರಿನಿಂದ ನಾನೇ ಕರುಣಾಗೆ ತಿನ್ನಿಸುತ್ತಿದ್ದೆ. ಆ ಕೊನೆಯ ಎರಡು ಬೆಳಿಗ್ಗೆಯೂ ತಿನ್ನಿಸಿದೆ. ತಾಯಿ ಮಣ್ಣಾದ ಹುಡುಗಿಯ ಬಾಯಿಗೆ ಚಮಚ ಹಿಡಿದು, ಚೆನ್ನಾಗಿ ಬರಿ ಎಂದೆ. ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು.

ಕೊನೆಯ ಪೇಪರ್ ಮುಗಿದ ದಿನ, ಪರೀಕ್ಷೆಯ ಗೇಟಿನ ಹೊರಗೆ ಸಿಸ್ಟರ್ ಹೇಳಿದರು. ಕರುಣಾ ಅಲ್ಲಿಂದಲೇ ಸ್ಟೇಷನ್ನಿಗೆ ಹೋದಳು. ಹದಿನೈದು ದಿನಕ್ಕೆ ವಾಪಸು ಬಂದದ್ದು ಸೂಟ್‌ಕೇಸಿಗಾಗಿ. ಅವಳು ಒಂದೇ ಮಾತು ಕೇಳಿದಳಂತೆ: ಪರೀಕ್ಷೆ ಆರು ತಿಂಗಳಿಗೆ ಮತ್ತೆ ಬರುತ್ತಿತ್ತು ದೊಡ್ಡವ್ವ, ನಮ್ಮವ್ವನ ಮುಖ ಬರುತ್ತಿತ್ತೇ? ಆ ಸಲ ಅವಳು ಪಾಸಾದಳು. ಪಾಸಾದದ್ದನ್ನು ಈ ಮನೆಗೆ ಹೇಳಲಿಲ್ಲ. ನೋಯ್ಡಾದಲ್ಲಿ ಕೆಲಸ ಹಿಡಿದಳು, ಅಲ್ಲೇ ರೂಮು ಮಾಡಿದಳು.

"ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಠರಾಯಿಸಿದೆ" ಎಂದು ಸಿಸ್ಟರ್ ಒಮ್ಮೆ ಬಟಾಣಿ ಸುಲಿಯುತ್ತ ಹೇಳಿದ್ದರು. "ಮಂದಿಗೆ ಸುದ್ದಿ ಹೇಳಿ ಹೇಳಿ, ಯಾವಾಗ ಹೇಳಬೇಕು ನನಗ ಗೊತ್ತು ಅನ್ನೋ ಸೊಕ್ಕು ಬಂದಿತ್ತು."

ಅಲ್ಲಿಂದ ನಾಲ್ಕು ವರ್ಷ ಕರುಣಾ ಬರಲಿಲ್ಲ. ನೋಯ್ಡಾದಿಂದ ದ್ವಾರಕಾಕ್ಕೂ ಅದೇ ನೀಲಿ ಲೈನು. ಒಂದೇ ಲೈನ್ ಐತಿ, ಬದಲಿ ಮಾಡೋದೂ ಬ್ಯಾಡ ಎಂದು ಸಿಸ್ಟರ್ ಯಾವಾಗಲಾದರೂ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಫೋನು ಮಾಡಿದರೆ ಅವಳು ಎತ್ತುವುದಿಲ್ಲ. ಹಾಗಾಗಿ ವರ್ಷಕ್ಕೆ ನಾಲ್ಕೇ ಸಲ, ಬರೋಣದ ನಾಲ್ಕು ಭಾನುವಾರ, ಬೋಗುಣಿಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ಒಂದು ಉರಿಯುವ ಫೋಟೋ, ಎರಡು ಉರಿಯುವ ಫೋಟೋ, ಹಾಗೆ. ಜೊತೆಗೆ ಒಂದಕ್ಷರ ಬರೆಯುತ್ತಿರಲಿಲ್ಲ. ಆ ಕಡೆಯಿಂದ ಎರಡು ನೀಲಿ ಗೆರೆ ಬೀಳುತ್ತಿದ್ದವು. ನೋಡಿದಳು ಎಂಬುದಷ್ಟೇ. ಗೆರೆ ನೀಲಿಯಾಗುವವರೆಗೆ ಸಿಸ್ಟರ್ ಫೋನನ್ನು ಅಂಗೈಯಲ್ಲೇ ಇಟ್ಟುಕೊಂಡು ಕೂತಿರುತ್ತಿದ್ದರು. ನೀಲಿಯಾದ ಮೇಲೆ ಎದ್ದು ಅನ್ನಕ್ಕಿಡುತ್ತಿದ್ದರು. ನಾಲ್ಕನೆಯ ಭಾನುವಾರ ಕರ್ಚಿಕಾಯಿ ಡಬ್ಬಿ ಬಿಚ್ಚಿ, ಮೊದಲ ಐದನ್ನು ಬೇರೆ ಡಬ್ಬಿಗೆ ತೆಗೆದಿಡುತ್ತಿದ್ದರು. ಜನವರಿಯಲ್ಲಿ ಅವನ್ನು ಗಾರ್ಡಿಗೆ ಕೊಡುವಾಗ, ಮೆತ್ತಗಾಗ್ಯಾವು, ಬೈಕೋಬ್ಯಾಡ ಎನ್ನುತ್ತಿದ್ದರು.

ಹೋದ ವರ್ಷ ಬರೋಣದ ಮೊದಲ ಭಾನುವಾರದ ಹಿಂದಿನ ದಿನ, ಹೊಗೆ-ಮಂಜಿನಲ್ಲಿ ಎದುರಿನ ಟವರೇ ಕಾಣದಿದ್ದ ಬೆಳಿಗ್ಗೆ, ಸಿಸ್ಟರಿಗೆ ಉಸಿರು ಕಟ್ಟಿತು. ನಾವೇ ಕಾರಿನಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಐಸಿಯುಗೆ ಒಯ್ಯುವ ಮುಂಚೆ ಅವರು ಆಕ್ಸಿಜನ್ ಮಾಸ್ಕನ್ನು ತಾವೇ ಎತ್ತಿ ನನಗೆ ಅಪ್ಪಣೆ ಕೊಟ್ಟರು. ಬೋಗುಣಿ ತಯಾರಿದೆ, ನಾಳೆ ಏಳಕ್ಕೆ ಮೊದಲನೆಯದನ್ನು ಹಚ್ಚಬೇಕು, ಫೋಟೋ ತೆಗೆದು ತಮ್ಮ ಫೋನಿನಿಂದಲೇ ಕಳಿಸಬೇಕು.

"ಕರುಣಾಗ ಏನೂ ಹೇಳಬ್ಯಾಡ. ಕೆಲಸದಾಗ ಇರ್ತಾಳ. ಪ್ರತಿ ವರ್ಷ ಹೋದಂಗ ಫೋಟೋ ಹೋಗಲಿ, ಸಾಕು."

ಮತ್ತೆ ಅದೇ. ಹೂಂ ಎಂದು ತಲೆಯಾಡಿಸಿ ಬಂದೆ.

ಭಾನುವಾರ ಏಳಕ್ಕೆ ಅವರ ಮನೆಯ ಬೀಗ ತೆಗೆದೆ. ಮನೆ ತಣ್ಣಗಿತ್ತು. ಕುರ್ಚಿಯ ಬೆನ್ನಿಗೆ ಅವರ ಸ್ವೆಟರ್ ಇತ್ತು. ಮೊದಲನೆಯ ಮೇಣದಬತ್ತಿ ಹಚ್ಚಿದೆ. ಹಚ್ಚಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಖಾಲಿ ಮನೆಯಲ್ಲಿ ಒಂದೇ ಒಂದು ದೀಪ.

ನಮ್ಮಲ್ಲಿ ಒಂಟಿ ದೀಪ ಹಚ್ಚುವುದಿಲ್ಲ. ಬತ್ತಿಯನ್ನಾದರೂ ಜೋಡಿ ಮಾಡಿ ಹಾಕುತ್ತೇವೆ. ಒಂಟಿ ಬತ್ತಿಯನ್ನು ಹಚ್ಚಿಡುವುದು ಹೋದವರ ತಲೆಯ ಹತ್ತಿರ ಮಾತ್ರ. ಅವರು ಅಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದಾರೆ, ನಾನಿಲ್ಲಿ ಅವರ ಮನೆಯಲ್ಲಿ ಒಂಟಿ ದೀಪ ಹಚ್ಚಿ ನಿಂತಿದ್ದೇನೆ. ಅವರ ಪದ್ಧತಿ ಬೇರೆಯೆಂದು ಬುದ್ಧಿಗೆ ಗೊತ್ತಿತ್ತು, ಅಷ್ಟು ವರ್ಷ ಪಕ್ಕದಲ್ಲೇ ಕೂತು ನೋಡಿದ್ದೆ. ಕೈ ಕೇಳಲಿಲ್ಲ. ಎರಡನೆಯದನ್ನೂ ಹಚ್ಚಿದೆ. ಆಗ ಉಸಿರು ಬಂತು. ಫೋಟೋ ತೆಗೆದು ಕಳಿಸಿ, ಕುರ್ಚಿಯಲ್ಲಿ ಕೂತೆ.

ಗೆರೆಗಳು ನೀಲಿಯಾದವು. ಹಿಂದೆಯೇ, ನಾಲ್ಕು ವರ್ಷದಲ್ಲಿ ಮೊದಲ ಸಲ, ಆ ಕಡೆಯಿಂದ ಅಕ್ಷರ ಬಂದವು.

"ಯಾರು ಹಚ್ಚಿದ್ದು?"

ನನಗೆ ಮೊದಲು ಅರ್ಥವಾಗಲಿಲ್ಲ. ಎರಡನೆಯ ಸಾಲು ಬಂತು.

"ಮೊದಲ ವಾರ ದೊಡ್ಡವ್ವ ಎರಡು ಹಚ್ಚಂಗಿಲ್ಲ. ದೊಡ್ಡವ್ವ ಎಲ್ಲಿ?"

ಲೆಕ್ಕ ತಪ್ಪಿತು ಎಂದು ಸಿಸ್ಟರೇ ಬರೆದ ಹಾಗೆ ಬರೆದುಬಿಡಬಹುದಿತ್ತು. ಸಿಸ್ಟರ್ ನಿದ್ದೆಯಲ್ಲಿದ್ದಾರೆ ಎನ್ನಬಹುದಿತ್ತು. ನಾನು ಮಾತು ಕೊಟ್ಟು ಬಂದಿದ್ದೆ. ಆದರೆ ಆ ಮೊಸರಿನ ಚಮಚ ಕಣ್ಣಮುಂದೆ ಬಂತು. ಚಮಚದ ಮೇಲೆ ಅಂಟಿದ್ದ ಸಕ್ಕರೆಯ ಹರಳುಗಳೂ ಬಂದವು. ನಾನು ಯಾರೆಂದು ಬರೆದೆ. ಆಸ್ಪತ್ರೆಯ ವಿಳಾಸ, ಐಸಿಯು ಎಷ್ಟನೆಯ ಮಹಡಿ, ನಿನ್ನೆ ಏನಾಯಿತು, ಡಾಕ್ಟರು ಏನು ಹೇಳಿದರು, ಎಲ್ಲ ಬರೆದೆ. ಗೆರೆ ನೀಲಿಯಾಯಿತು. ಉತ್ತರ ಬರಲಿಲ್ಲ.

ಮರುದಿನ ಬೆಳಿಗ್ಗೆ ಗಂಜಿ ತೆಗೆದುಕೊಂಡು ಹೋದರೆ, ಐಸಿಯು ಹೊರಗಿನ ಕಬ್ಬಿಣದ ಬೆಂಚಿನ ಮೇಲೆ ಕರುಣಾ ಕೂತಿದ್ದಳು. ಕೊನೆಯ ಮೆಟ್ರೋ ಹಿಡಿದು ಬಂದಳಂತೆ. ನನ್ನನ್ನು ನೋಡಿ ಎದ್ದಳು. ಮೊದಲು ಹೀಗೆಂದಳು:

"ಆಂಟಿ, ಮೊಸರು-ಸಕ್ರಿ ತಿನ್ನಿಸಿದಾಗ ನಿಮಗ ಗೊತ್ತಿತ್ತಲ್ಲ?"

"ಗೊತ್ತಿತ್ತು ಕಣಮ್ಮ."

ಅವಳು ನನ್ನ ಕೈಯಿಂದ ಗಂಜಿಯ ಡಬ್ಬಿ ತೆಗೆದುಕೊಂಡು ಬೆಂಚಿನ ಮೇಲಿಟ್ಟಳು. "ಮತ್ತ ನಿನ್ನೆ ಯಾಕ ಹೇಳಿದ್ರಿ?"

"ಆವತ್ತು ಹೇಳಲಿಲ್ವಲ್ಲ, ಅದಕ್ಕೆ."

ಒಳಗೆ ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಅವಳು ಹೋದಳು. ಗಾಜಿನ ಬಾಗಿಲಿನಿಂದ ನನಗೆ ಕಂಡದ್ದು, ಸಿಸ್ಟರ್ ಅವಳ ಕೈ ಹಿಡಿದದ್ದು, ಆಮೇಲೆ ಬೆರಳು ಮೆಲ್ಲಗೆ ಮಣಿಕಟ್ಟಿಗೆ ಸರಿದದ್ದು. ನಾಡಿ ಎಣಿಸುತ್ತಿದ್ದರು. ಅಲ್ಲಿ ಆಡಿದ ಮಾತನ್ನು ಸಿಸ್ಟರ್ ಆಮೇಲೆ ನನಗೆ ಹೇಳಿದರು. ಒಂದೇ ಲೈನ್ ಅಲ್ಲೇನವಾ ಎಂದು ತಾವು ಕೇಳಿದರಂತೆ. ಹೂಂ ದೊಡ್ಡವ್ವ, ಒಂದೇ ಲೈನು ಎಂದು ಅವಳು ಹೇಳಿದಳಂತೆ. ಅಷ್ಟೇ.

ಹತ್ತು ದಿನಕ್ಕೆ ಮನೆಗೆ ಬಂದರು. ಮಧ್ಯದ ಭಾನುವಾರ ನಾನು ಎರಡು ಹಚ್ಚಿದ್ದೆ, ಆ ಸಲ ಲೆಕ್ಕ ಸರಿಯಿತ್ತು. ಬಂದವರೇ ಬೋಗುಣಿಯ ಮುಂದೆ ಬಗ್ಗಿ ನೋಡಿದರು. ಮೊದಲನೆಯದೂ ಎರಡನೆಯದೂ ಸಮ ಎತ್ತರಕ್ಕೆ ಮೊಂಡಾಗಿ ನಿಂತಿದ್ದವು. ಮೆಟ್ಟಿಲು ತಪ್ಪಿತ್ತು. ಇದ್ಯಾಕ ಗಿಡ್ಡ ಆತು ಎಂದರು. ಆ ಎರಡನೆಯದರಿಂದಲೇ ಎಲ್ಲ ನಡೆಯಿತೆಂದು ಅವರಿಗೆ ಕರುಣಾ ಹೇಳಿರಲಿಲ್ಲ. ನಾನು ಒಂಟಿ ದೀಪದ ಸಂಗತಿ ಹೇಳಿದೆ, ಮಾತು ತಪ್ಪಿದ್ದನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕೆಮ್ಮು ಬರುವವರೆಗೆ ನಕ್ಕರು. ನೀರು ಕುಡಿದು, ಗಿಡ್ಡವಾದ ಮೇಣದಬತ್ತಿಯ ಬತ್ತಿಯನ್ನು ಉಗುರಿನಿಂದ ನೇರ ಮಾಡಿದರು.

"ಒಂಟಿ ಇದ್ದದ್ದು ನಿಮಗ ನೋಡಾಕ ಆಗಂಗಿಲ್ಲ ಅನ್ರಿ" ಎಂದರು ಕೊನೆಗೆ. ಅವರು ನನಗೆ ಬಹುವಚನ ಹಾಕಿದ್ದು ಅದೊಂದೇ ಸಲ.

ಹೊಸ ಮೇಣದಬತ್ತಿ ತಂದುಕೊಡುತ್ತೇನೆಂದರೆ ಬೇಡವೆಂದರು. ನಾಲ್ಕನೆಯ ಭಾನುವಾರ ಕರುಣಾ ಬಂದಳು. ಆ ಸಲ ಸಿಸ್ಟರ್ ಹೇಳಿದಂತೆ ನಾನು ಕರಿದಿಟ್ಟಿದ್ದ ಕರ್ಚಿಕಾಯಿ ಡಬ್ಬಿಯ ಟೇಪು ಬಿಚ್ಚಿದ್ದು ಅವಳೇ. ಮೂರು ಕರ್ಚಿಕಾಯಿ ತಿಂದಳು, ಸಕ್ಕರೆ ಜಾಸ್ತಿ ಎಂದಳು. ಎಲ್ಲ ಮೊದಲಿನಂತೆ ಆಗಿಬಿಟ್ಟಿತೆಂದು ಬರೆದರೆ ಸುಳ್ಳಾಗುತ್ತದೆ. ಆಮೇಲೂ ತಿಂಗಳಿಗೊಮ್ಮೆ ಬರುತ್ತಿದ್ದಳು, ಚಪ್ಪಲಿಯನ್ನು ಬಾಗಿಲ ಕಡೆ ಮುಖ ಮಾಡಿ ಬಿಡುತ್ತಿದ್ದಳು, ಒಂದೂವರೆ ಗಂಟೆ ಕೂತು ಫೋನಿನಲ್ಲಿ ಸಮಯ ನೋಡಿ ಮೆಟ್ರೋ ಎನ್ನುತ್ತಿದ್ದಳು. ಸಿಸ್ಟರ್ ಪ್ರತಿ ಸಲವೂ ಒಳಗಿನ ಕೋಣೆಯ ಹಾಸಿಗೆಗೆ ಒಗೆದ ಚಾದರ ಹಾಸಿ ಇಟ್ಟಿರುತ್ತಿದ್ದರು. ಅದು ಒಂದು ಸಲವೂ ಸುಕ್ಕಾಗಲಿಲ್ಲ. ಇರು ಎಂದು ಬಾಯಿ ಬಿಟ್ಟು ಹೇಳಿದವರಲ್ಲ. ಹೇಳಬಾರದೇ ಎಂದು ನಾನು ಕೇಳಿದ್ದಕ್ಕೆ, "ಮೊದಲು ಬರೋದು, ತಂಗಿ. ಉಳಿಯೋದು ಆಮ್ಯಾಲೆ" ಎಂದಿದ್ದರು.

ಜುಲೈಯಲ್ಲಿ, ಒಂದು ಬೆಳಿಗ್ಗೆ ಚಹಾದ ಲೋಟ ಪಕ್ಕದಲ್ಲಿಟ್ಟುಕೊಂಡು ಕುರ್ಚಿಯಲ್ಲೇ ಹೋದರು. ನಾನು ಮೊದಲು ಫೋನು ಮಾಡಿದ್ದು ಕರುಣಾಗೆ. ಒಂದು ನಿಮಿಷವೂ ತಡಮಾಡಲಿಲ್ಲ. ಇಲ್ಲಿಯೇ ಸಮಾಧಿಯಾಯಿತು. ಮನೆಯನ್ನು ಬಾಡಿಗೆಗೆ ಕೊಡುವುದೋ ಮಾರುವುದೋ ಅವಳಿನ್ನೂ ಠರಾಯಿಸಿಲ್ಲ. ಬೀಗ ಹಾಕಿದೆ. ಬೋಗುಣಿಯನ್ನು ನನ್ನ ಕೈಗೆ ಕೊಟ್ಟಳು. ಹೋದ ವರ್ಷದ ನಾಲ್ಕು ಮೊಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿ ತಾನು ಒಯ್ದಳು.

ಇವತ್ತು ಬರೋಣದ ಮೊದಲ ಭಾನುವಾರ. ಏಳಕ್ಕೆ ಒಂದು ಹಚ್ಚಿದೆ. ಒಂದನ್ನೇ. ಎರಡನೆಯದರ ಕಡೆ ಕೈ ಹೋಯಿತು, ಬೆಂಕಿಕಡ್ಡಿಯನ್ನು ಆರಿಸಿ ಮರಳಿನಲ್ಲಿ ಚುಚ್ಚಿಬಿಟ್ಟೆ. ಮಗಳು, "ಮಮ್ಮಾ, ಏಕ್ ಹೀ? ನೀನು ಒಂದೇ ಹಚ್ಚಲ್ಲ ಅಂತೀಯಲ್ಲ" ಎಂದಳು. ಕಾಯಬೇಕು ಕಣೇ ಎಂದೆ. ನನ್ನ ಫೋನಿನಿಂದ ಫೋಟೋ ತೆಗೆದು ಕರುಣಾಗೆ ಕಳಿಸಿದೆ, ಅಕ್ಷರವೇನೂ ಬರೆಯಲಿಲ್ಲ. ಗೆರೆ ನೀಲಿಯಾಗಲಿಲ್ಲ. ಬೂದು ಬಣ್ಣದಲ್ಲೇ ನಿಂತಿತ್ತು. ಫೋನನ್ನು ಅಂಗೈಯಲ್ಲಿಟ್ಟುಕೊಂಡು ಕೂತಾಗ, ಸಿಸ್ಟರ್ ಹೇಗೆ ಕೂತಿರುತ್ತಿದ್ದರೆಂಬುದು ನನ್ನ ಬೆನ್ನಿಗೆ ತಿಳಿಯಿತು.

ಮೇಣದಬತ್ತಿ ಆರಿಸುವ ಹೊತ್ತಿಗೆ ಬೆಲ್ ಆಯಿತು. ಫಿಲ್ಟರಿನ ಭಯ್ಯಾ ಇರಬೇಕೆಂದು ನಮ್ಮವರು ಎದ್ದರು. ಕರುಣಾ. ಮೆಟ್ರೋದಲ್ಲಿ ನೆಲದಡಿ ಸಿಗ್ನಲ್ ಇರಲಿಲ್ಲವಂತೆ. ಹೆಗಲಿಗೊಂದು ಚೀಲ. ಎದುರಿನ ಬೀಗದ ಕಡೆ ಒಮ್ಮೆ ನೋಡಿ ಒಳಗೆ ಬಂದಳು. ಬೋಗುಣಿ ನೋಡಿದಳು. "ಒಂದೇ ಹಚ್ಚೀರಿ" ಎಂದಳು, ಏನೋ ನೆನಪಾಗಿ ಸ್ವಲ್ಪ ನಕ್ಕಳು, ಆಮೇಲೆ ಮುಖ ತೊಳೆಯಲು ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ಊಟಕ್ಕೆ ಮೆಂತ್ಯದ ಸೊಪ್ಪಿನ ಬೇಳೆ, ಚಪಾತಿ, ಬದನೆಕಾಯಿ ಪಲ್ಯ, ಅನ್ನ, ಮಜ್ಜಿಗೆ. ಕರುಣಾ ಮೂರು ಚಪಾತಿ ತಿಂದಳು. ನಾಲ್ಕನೆಯದನ್ನು ಹಾಕಿದೆ, ವಾಪಸು ಹಾಕಿಸಲಿಲ್ಲ. ಫೋನಿನಲ್ಲಿ ಸಮಯ ನೋಡಲಿಲ್ಲ. ಮಗಳ ಕೋಣೆಯಲ್ಲಿ ಒಗೆದ ಚಾದರ ಹಾಸಿ, ಬಿಸಿಲು ಕುಡಿದ ರಜಾಯಿ ಕೊಟ್ಟೆ. ಒಂಬತ್ತೂವರೆಗೆ, ಎಲ್ಲರಿಗಿಂತ ಮೊದಲು ಮಲಗಿದವಳು ಅವಳೇ.